ಬೆನ್ನಿನ ನೆಟಿಗೆ

ಮಕ್ಕಳೇ, ಈ ವಾರದ ಬರಹವನ್ನು ಮಲಗಿದಲ್ಲಿಂದಲೇ ಶುರು ಮಾಡಿದೆ. ಹೋದ ಭಾನುವಾರ ಬೆಳಿಗ್ಗೆ ತೆಂಗಿನ ಬುಡಕ್ಕೆ ನೀರು ಹಾಕೋಣವೆಂದು ತುಂಬಿದ ಬಕೆಟ್ ಎತ್ತಿದವನು ಅರ್ಧಕ್ಕೇ ನಿಂತುಬಿಟ್ಟೆ. ಸೊಂಟ ಹಿಡಿದುಕೊಂಡಿತ್ತು. ಮೇಲಕ್ಕೆ ಏಳಲಾರೆ, ಕೆಳಕ್ಕೆ ಬಗ್ಗಲಾರೆ. ನಮ್ಮ ಮನೆಯವರು ಒಂದು ಕಡೆ, ಮೊಮ್ಮಗಳು ಪುಟ್ಟಿ ಇನ್ನೊಂದು ಕಡೆ ಹಿಡಿದುಕೊಂಡು ಒಳಗೆ ತಂದು ಚಾಪೆಯ ಮೇಲೆ ಮಲಗಿಸಿದರು.

ಪುಟ್ಟಿ ಆರನೇ ಕ್ಲಾಸು. ದಸರಾ ರಜೆಗೆ ಬಂದಿದ್ದಾಳೆ. ನನ್ನ ಪಕ್ಕ ಕೂತು, “ತಾತ, ಬೋರಲು ಮಲಕ್ಕೋ. ಒಂದೇ ಸಲ ಲಟಕ್ ಅನ್ನಿಸ್ತೀನಿ, ಎಲ್ಲಾ ಸರಿಹೋಗತ್ತೆ” ಅಂದಳು. ಎಲ್ಲಿ ಕಲಿತೆ ಅಂದರೆ ಮೊಬೈಲ್ ತೋರಿಸಿದಳು. ಅದರಲ್ಲಿ ಬಿಳಿ ಅಂಗಿಯ ದಪ್ಪ ತೋಳಿನವನೊಬ್ಬ ಮೇಜಿನ ಮೇಲೆ ಮಲಗಿದವನ ಕತ್ತಿಗೆ ಟವೆಲ್ ಸುತ್ತಿ ಜಗ್ಗುತ್ತಾನೆ. ಪಟಪಟ ಸದ್ದು! ಮಲಗಿದವನು ಒಮ್ಮೆ ಕಿರುಚಿ, ಆಮೇಲೆ ನಗುತ್ತಾನೆ, ಕಣ್ಣೊರೆಸಿಕೊಳ್ಳುತ್ತಾನೆ. ಹಿಂದೆ ಪಿಟೀಲಿನ ಸಂಗೀತ ಬೇರೆ.

“ಮೊನ್ನೆ ಅಜ್ಜಿಗೂ ಮಾಡ್ತೀನಿ ಅಂದೆ, ಕತ್ತು ಕೊಡಲಿಲ್ಲ” ಅಂದಳು ಪುಟ್ಟಿ.

“ಬೇಡ!” ಅಂತ ನಾನು ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಹುಡುಗಿ ಬೆಚ್ಚಿಬಿದ್ದು ಮುಖ ಸಣ್ಣದು ಮಾಡಿಕೊಂಡಳು. ನಮ್ಮ ಮನೆಯವರು ಮಾತ್ರ ನಕ್ಕರು. “ನಿಮ್ಮದೇ ವಿದ್ಯೆ ಅಲ್ವೇನ್ರೀ? ಮೊಮ್ಮಗಳಿಗೆ ಬಂದಿದೆ.”

ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಕಡೆಯ ಅಜ್ಜಿ–ತಾತಂದಿರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಗೊತ್ತಾಗುತ್ತದೆ. ಮಕ್ಕಳಿಗಾಗಿ ಹೇಳುತ್ತೇನೆ. ಹೆಚ್ಚಿನ ಮಕ್ಕಳು ಹುಟ್ಟುವಾಗ ತಲೆ ಮೊದಲು ಬರುತ್ತದೆ. ಕೆಲವರಿಗೆ ಕಾಲು ಮೊದಲು. ಹಾಗೆ ಹುಟ್ಟಿದವರು ಕಾಲಲ್ಲಿ ತುಳಿದರೆ ಸೊಂಟದ ಉಳುಕು ಹೋಗುತ್ತದೆ ಅಂತ ಹಳ್ಳಿಗಳಲ್ಲಿ ನಂಬಿಕೆ. ಹಾಗಾಗಿ ನನಗೆ ಐದಾರು ವರ್ಷವಾದಾಗಿನಿಂದಲೇ ಊರಲ್ಲಿ ‘ಪ್ರಾಕ್ಟೀಸು’ ಇತ್ತು! ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಯಾರಾದರೂ ಜಗಲಿಯಲ್ಲಿ ಬೋರಲು ಮಲಗಿರುತ್ತಿದ್ದರು. ನಾನು ಕಣ್ಣುಜ್ಜಿಕೊಂಡು ಬಂದು ಎಡಗಾಲಲ್ಲಿ ಮೂರು ಸಲ ತುಳಿಯಬೇಕು. ಫೀಸು ಅಂದರೆ ಒಂದು ಅಚ್ಚು ಬೆಲ್ಲ, ಇಲ್ಲವೇ ಒಂದು ಹಿಡಿ ಹುರಿಗಡಲೆ. ನೋವು ಹೋಯಿತು ಅಂತ ಮುಕ್ಕಾಲು ಪಾಲು ಜನ ಹೇಳುತ್ತಿದ್ದರು. ನನಗೋ ನನ್ನ ಎಡಗಾಲಿನ ಬಗ್ಗೆ ಭಾರಿ ಹೆಮ್ಮೆ.

ಹನ್ನೊಂದು ವರ್ಷವಾದಾಗ ಎದುರು ಮನೆಯ ಅಜ್ಜಿ ಬಂದರು. ಕೆಲವು ದಿನಗಳಿಂದ ನಡುಬೆನ್ನು ನೋವು ಅಂದರು. ನಾನು ಆಗ ಚಿಕ್ಕ ಮಗುವೇನಲ್ಲ, ತೂಕವಿತ್ತು. ಮೂರನೇ ಸಲ ತುಳಿದಾಗ ಲಟ್ ಅಂತ ಸದ್ದು ಬಂತು. ಸುತ್ತ ನಿಂತವರು “ಹೋಯ್ತು ಉಳುಕು!” ಅಂತ ಖುಷಿಪಟ್ಟರು. ಅಜ್ಜಿ ಮಾತ್ರ ಏಳಲಿಲ್ಲ. ಇಬ್ಬರು ಎತ್ತಿಕೊಂಡು ಹೋದರು. ಮೂರು ತಿಂಗಳ ಮೇಲೆ ಕೋಲು ಹಿಡಿದು ಹೊರಗೆ ಬಂದಾಗ ಅವರ ಬೆನ್ನು ಬಾಗಿಹೋಗಿತ್ತು. ಮತ್ತೆ ನೆಟ್ಟಗಾಗಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅಜ್ಜಿಯೂ ಬೈಯಲಿಲ್ಲ, ಕಂಡಾಗಲೆಲ್ಲ ಬೆಲ್ಲ ಕೊಡುತ್ತಿದ್ದರು.

ನಾನು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಎಷ್ಟೋ ವರ್ಷ ಕಳೆದ ಮೇಲೆ ಮೂಳೆಗಳ ಬಗ್ಗೆ ಓದುತ್ತಾ ಕೂತವನಿಗೆ ಅದು ಏನೆಂದು ಹೊಳೆಯಿತು. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ, ಮೂಳೆ ಒಳಗೊಳಗೇ ಟೊಳ್ಳಾಗುವುದುಂಟು. ಆಸ್ಟಿಯೊಪೊರೋಸಿಸ್ ಅನ್ನುತ್ತಾರೆ. ಅಂಥ ಬೆನ್ನುಮೂಳೆ ಬಿಂದಿಗೆ ಎತ್ತಿದರೂ ಕುಸಿಯಬಹುದು, ಜೋರಾಗಿ ಕೆಮ್ಮಿದರೂ ಕುಸಿಯಬಹುದು. ಆ ಅಜ್ಜಿಯ ಮೂಳೆ ನಾನು ತುಳಿಯುವ ಮೊದಲೇ ಕುಸಿದಿತ್ತೋ, ತುಳಿದದ್ದರಿಂದ ಕುಸಿಯಿತೋ ಈಗ ಯಾರು ಹೇಳಬೇಕು! ಆ ಸದ್ದು ಮಾತ್ರ ನನ್ನ ಕಿವಿಯಿಂದ ಹೋಗಿಲ್ಲ.

ಇದನ್ನೆಲ್ಲ ಕೇಳಿ ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಾದ್ರೆ ಆ ವಿಡಿಯೋದಲ್ಲಿರೋರು ಯಾರು? ಅವರೂ ಕಾಲು ಮುಂದಾಗಿ ಹುಟ್ಟಿದೋರಾ?” ಅಂದಳು. ಒಳ್ಳೆಯ ಪ್ರಶ್ನೆ. ನೋವು ಮರೆಯಲು ನನಗೂ ಏನಾದರೂ ಮಾತು ಬೇಕಿತ್ತು.

ಅವರನ್ನು ಕೈರೋಪ್ರಾಕ್ಟರ್ ಅನ್ನುತ್ತಾರೆ, ಅವರ ವಿದ್ಯೆಗೆ ಕೈರೋಪ್ರಾಕ್ಟಿಕ್ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ‘ಖೈರ್’ ಅಂದರೆ ಕೈ, ‘ಪ್ರಾಕ್ಸಿಸ್’ ಅಂದರೆ ಮಾಡುವುದು. ಕೈಯಿಂದ ಮಾಡುವ ಕೆಲಸ. ನಮ್ಮ ‘ಕೈ’ಗೂ ಗ್ರೀಕರ ‘ಖೈರ್’ಗೂ ನೆಂಟಸ್ತಿಕೆ ಇಲ್ಲ, ಆದರೆ ಕನ್ನಡದ ಮಕ್ಕಳಿಗೆ ನೆನಪಿಟ್ಟುಕೊಳ್ಳಲು ಸುಲಭವಾಯಿತು.

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದಲ್ಲಿ, ಮಿಸಿಸಿಪಿ ನದಿಯ ದಂಡೆಯ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ. ಡೇನಿಯಲ್ ಡೇವಿಡ್ ಪಾಮರ್ ಎಂಬಾತ 1845ರಲ್ಲಿ ಕೆನಡಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಮೇಷ್ಟ್ರಾಗಿದ್ದ (ನೋಡಿ, ನಮ್ಮವನೇ!), ಜೇನು ಸಾಕಿದ, ದಿನಸಿ ಅಂಗಡಿ ಇಟ್ಟ. ಕೊನೆಗೆ ಕೈಯಲ್ಲಿ ಅಯಸ್ಕಾಂತದಂಥ ಶಕ್ತಿಯಿದೆ, ಮುಟ್ಟಿ ರೋಗ ಕಳೆಯುತ್ತೇನೆ ಅಂತ ಚಿಕಿತ್ಸೆ ಕೊಡಲು ಕೂತ. ಆ ಕಾಲದ ಅಲ್ಲಿನ ಡಾಕ್ಟರುಗಳ ಔಷಧಿಗಳಲ್ಲೂ ಪಾದರಸದಂಥ ವಿಷ ಇರುತ್ತಿತ್ತು. ಹಾಗಾಗಿ ಮುಟ್ಟಿ ವಾಸಿ ಮಾಡುತ್ತೇನೆ ಅನ್ನುವವನ ಹತ್ತಿರ ಜನ ಹೋದರೆ ಆಶ್ಚರ್ಯವಿಲ್ಲ.

ಅವನಿದ್ದ ಕಟ್ಟಡದಲ್ಲೇ ಹಾರ್ವೆ ಲಿಲ್ಲಾರ್ಡ್ ಎಂಬ ಕಪ್ಪು ಜನಾಂಗದ ಕೆಲಸಗಾರನಿದ್ದ. ಕಸ ಗುಡಿಸುವುದು, ಕಟ್ಟಡ ನೋಡಿಕೊಳ್ಳುವುದು ಅವನ ಕೆಲಸ. 17 ವರ್ಷಗಳಿಂದ ಅವನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೀದಿಯಲ್ಲಿ ಗಾಡಿ ಹೋದರೂ ಕೇಳಿಸದು, ಗಡಿಯಾರದ ಟಿಕ್ ಟಿಕ್ ಕೂಡ ಕೇಳಿಸದು. ಹಿಂದೊಮ್ಮೆ ಇಕ್ಕಟ್ಟಿನ ಜಾಗದಲ್ಲಿ ಬಗ್ಗಿ ಕೆಲಸ ಮಾಡುವಾಗ ಬೆನ್ನಿನಲ್ಲಿ ಏನೋ ಕಳಕ್ ಅಂದ ಹಾಗಾಗಿ ಆಮೇಲೆ ಕಿವುಡು ಬಂತು ಅಂತ ಹೇಳಿದನಂತೆ. ಪಾಮರ್ ಬೆನ್ನು ಮುಟ್ಟಿ ನೋಡಿದ. ಒಂದು ಮೂಳೆ ಉಬ್ಬಿಕೊಂಡಂತೆ ಕಂಡಿತು. ಅದನ್ನು ಒತ್ತಿ ಕೂರಿಸಿದ. ಕಿವಿ ಕೇಳಿಸಿತು! ಇದು 1895ರ ಸೆಪ್ಟೆಂಬರ್ 18ರಂದು ನಡೆದದ್ದು ಅಂತ ಕೈರೋಪ್ರಾಕ್ಟರ್‌ಗಳು ಹೇಳುತ್ತಾರೆ. ಅವರ ಪಾಲಿಗೆ ಅದೇ ಹುಟ್ಟುಹಬ್ಬ.

ಆದರೆ ಲಿಲ್ಲಾರ್ಡ್‌ನ ಮಗಳು ಮುಂದೆ ಹೇಳಿದ ಕಥೆ ಬೇರೆ. ಅಪ್ಪ ಪಡಸಾಲೆಯಲ್ಲಿ ನಿಂತು ಗೆಳೆಯನಿಗೆ ಏನೋ ಜೋಕು ಹೇಳುತ್ತಿದ್ದನಂತೆ. ದಾರಿಯಲ್ಲಿ ಹೋಗುತ್ತಿದ್ದ ಪಾಮರ್ ಅದನ್ನು ಕೇಳಿಸಿಕೊಂಡು, ನಗುತ್ತಾ ಕೈಯಲ್ಲಿದ್ದ ದಪ್ಪ ಪುಸ್ತಕದಿಂದ ಅವನ ಬೆನ್ನಿಗೆ ಒಂದು ಬಿಟ್ಟನಂತೆ. ಕೆಲವು ದಿನಗಳ ಮೇಲೆ ಲಿಲ್ಲಾರ್ಡ್ “ಕಿವಿ ಸ್ವಲ್ಪ ಚೆನ್ನಾಗಿ ಕೇಳಿಸ್ತಿದೆ” ಅಂದನಂತೆ.

ಇಲ್ಲಿ ಪುಟ್ಟಿ ನಗತೊಡಗಿದಳು. ನಗು ನಿಲ್ಲುವವರೆಗೆ ಕಾದು ನಾನು ಸ್ಲೇಟು ತರಿಸಿ ಒಂದು ಚಿತ್ರ ಬರೆದೆ, ಮಲಗಿಕೊಂಡೇ.

ನಮ್ಮ ಬೆನ್ನುಮೂಳೆ ಒಂದೇ ಕೋಲಲ್ಲ, ಪೋಣಿಸಿದ ಮಣಿಸರ. ಮಗುವಿನಲ್ಲಿ 33 ಮಣಿಗಳು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಅದರ ಕೆಳಗಿನ ಐದು ಬೆಳೆಯುತ್ತಾ ಒಂದಾಗಿ ಬೆಸೆದುಕೊಳ್ಳುತ್ತವೆ, ತುದಿಯ ಪುಟಾಣಿ ನಾಲ್ಕು ಕೂಡ ಸಾಮಾನ್ಯವಾಗಿ ಹಾಗೆಯೇ. (ಅಷ್ಟುದ್ದ ಕತ್ತಿನ ಜಿರಾಫೆಗೂ ಕುತ್ತಿಗೆಯಲ್ಲಿ ಏಳೇ ಮಣಿ. ಒಂದೊಂದೂ ಉದ್ದುದ್ದ, ಅಷ್ಟೇ.) ಮಣಿಗಳ ನಡುವೆ ಮೆತ್ತನೆಯ ಡಿಸ್ಕ್‌ಗಳಿವೆ, 23. ಮಣಿಗಳೊಳಗಿನ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ, ಅದರಿಂದ 31 ಜೊತೆ ನರಗಳು ಹೊರಡುತ್ತವೆ.

ಪಾಮರ್‌ನ ಸಿದ್ಧಾಂತ ಹೀಗೆ: ಮಣಿ ತುಸು ಜರುಗಿದರೆ ನರ ಒತ್ತಿಕೊಳ್ಳುತ್ತದೆ, ನರ ಹೋಗುವ ಜಾಗದಲ್ಲಿ ರೋಗ ಬರುತ್ತದೆ, ಮಣಿಯನ್ನು ಸ್ವಸ್ಥಾನಕ್ಕೆ ಕೂರಿಸಿದರೆ ದೇಹ ತಾನೇ ಗುಣವಾಗುತ್ತದೆ. ಹೀಗೆ ಜರುಗುವುದಕ್ಕೆ ‘ಸಬ್‌ಲಕ್ಸೇಶನ್’ ಅಂತ ಹೆಸರು. ನೂರಕ್ಕೆ 95 ರೋಗಗಳಿಗೆ ಇದೇ ಕಾರಣ ಅಂದುಬಿಟ್ಟ.

“ಈಗ ಹೇಳು, ಕಿವಿಯ ನರ ಎಲ್ಲಿದೆ?” ಅಂತ ಕೇಳಿದೆ. ಪುಟ್ಟಿ ಸ್ಲೇಟನ್ನೇ ನೋಡಿದಳು. ಅದು ಬೆನ್ನಿಗೆ ಇಳಿಯುವುದೇ ಇಲ್ಲ. ಮಿದುಳಿನ ಬುಡದಿಂದ ತಲೆಬುರುಡೆಯ ಒಳಗೇ ನೇರವಾಗಿ ಕಿವಿಗೆ ಹೋಗುತ್ತದೆ. ಬೆನ್ನಿನ ಮಣಿ ಒತ್ತಿದರೆ ಆ ನರಕ್ಕೆ ತಗುಲುವ ದಾರಿಯಿಲ್ಲ. ಹಾಗಾದರೆ ಲಿಲ್ಲಾರ್ಡ್‌ಗೆ ಕೇಳಿಸಿದ್ದು? ನಮ್ಮೂರವರ ಉಳುಕು ನನ್ನ ಎಡಗಾಲಿಂದ ಹೋದ ಹಾಗೆಯೇ ಇರಬಹುದು ಅಂತ ನನ್ನ ಅನುಮಾನ. ಸೊಂಟ ಹಿಡಿದುಕೊಂಡದ್ದು ಬಹಳಷ್ಟು ಸಲ ಕೆಲವು ವಾರಗಳೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ. ಆ ನಡುವೆ ಯಾರು ತುಳಿದಿರುತ್ತಾರೋ ಬೆಲ್ಲ ಅವರಿಗೆ.

ಪಾಮರ್ 1897ರಲ್ಲಿ ಶಾಲೆ ತೆರೆದ. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಅಂತ 1906ರಲ್ಲಿ ಶಿಕ್ಷೆಯಾಯಿತು. ದಂಡ ಕಟ್ಟಲೊಲ್ಲೆ ಅಂತ ಜೈಲಿಗೆ ಹೋದ, 23 ದಿನಗಳಾದ ಮೇಲೆ ದಂಡ ಕಟ್ಟಿ ಹೊರಬಂದ. ಮಗ ಬಿ. ಜೆ. ಪಾಮರ್ ಅಪ್ಪನಿಗಿಂತ ಚುರುಕು. ಶಾಲೆಯನ್ನು ಬೆಳೆಸಿದ, ರೇಡಿಯೋ ಸ್ಟೇಷನ್ನನ್ನೇ ಕೊಂಡುಕೊಂಡ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ರೇಡಿಯೋದಲ್ಲಿ ಮೊದಲು ಕೆಲಸಕ್ಕೆ ಸೇರಿದ್ದು 1932ರಲ್ಲಿ ಅಲ್ಲಿಯೇ. ಡಾಕ್ಟರುಗಳ ಸಂಘಕ್ಕೂ ಕೈರೋಪ್ರಾಕ್ಟರ್‌ಗಳಿಗೂ ಬಹಳ ಕಾಲ ಜಗಳ ನಡೆದು ಕೋರ್ಟಿಗೂ ಹೋಯಿತು. ಈಗ ಅಮೆರಿಕದ 50 ರಾಜ್ಯಗಳಲ್ಲೂ ಅವರಿಗೆ ಲೈಸೆನ್ಸ್ ಕೊಡುವ ಕಾನೂನಿದೆ, ವರ್ಷಗಟ್ಟಲೆ ಓದಿ ಪರೀಕ್ಷೆ ಪಾಸಾಗಬೇಕು.

“ಆದರೆ ತಾತ, ಲಟಕ್ ಅಂತ ಸದ್ದು ಬಂತಲ್ಲ? ಮೂಳೆ ಒಳಗೆ ಹೋಗಿ ಕೂತ್ಕೊಂಡದ್ದಲ್ವಾ ಅದು?”

ಅಲ್ಲ. ಇದು ನನಗೆ ಬಹಳ ಇಷ್ಟವಾದ ಭಾಗ. ದೃಷ್ಟಿ ತೆಗೆದು ನೆಟಿಗೆ ಮುರಿಯುವ ಅಜ್ಜಿಯರನ್ನು ನೋಡಿದ್ದೀರಲ್ಲ? ಬೆರಳಿನ ಆ ಲಟಲಟವೂ, ವಿಡಿಯೋದ ಬೆನ್ನಿನ ಲಟಲಟವೂ ಒಂದೇ ಜಾತಿ. ಕೀಲಿನಲ್ಲಿ ಎರಡು ಮೂಳೆಗಳ ನಡುವೆ ಎಣ್ಣೆಯಂಥ ದ್ರವವಿದೆ, ಅದರಲ್ಲಿ ಅನಿಲ ಕರಗಿರುತ್ತದೆ. ಸೋಡಾ ಬಾಟಲಿಯಲ್ಲಿ ಕರಗಿದ ಹಾಗೆ. ಕೀಲನ್ನು ತಟಕ್ಕನೆ ಎಳೆದಾಗ ಒಳಗೆ ಒತ್ತಡ ಇಳಿದು ಅನಿಲದ ಗುಳ್ಳೆಯೊಂದು ಮೂಡುತ್ತದೆ. ಸದ್ದು ಅದರದ್ದು. ಗುಳ್ಳೆ ಹುಟ್ಟುವಾಗಲೋ ಒಡೆಯುವಾಗಲೋ ಅಂತ ವಿಜ್ಞಾನಿಗಳು ಬಹಳ ವರ್ಷ ಚರ್ಚೆ ಮಾಡಿದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕಾಚಕ್ ಮತ್ತು ಜೊತೆಗಾರರು ಎಂಆರ್‌ಐ ಯಂತ್ರದೊಳಗೆ ಬೆರಳಿನ ನೆಟಿಗೆ ಮುರಿಸಿ ಚಿತ್ರ ತೆಗೆದರು. ಸದ್ದಿನ ಹೊತ್ತಿಗೆ ಗುಳ್ಳೆ ಮೂಡಿದ್ದು ಕಂಡಿತು. ಚರ್ಚೆ ಆಮೇಲೂ ಪೂರ್ತಿ ನಿಂತಿಲ್ಲ ಅನ್ನಿ. ಒಮ್ಮೆ ಮುರಿದ ಬೆರಳನ್ನು ತಕ್ಷಣ ಮತ್ತೆ ಮುರಿದರೆ ಸದ್ದು ಬಾರದು, ಸುಮಾರು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಅನಿಲ ಮತ್ತೆ ಕರಗಿರುತ್ತದೆ.

ನೆಟಿಗೆ ಮುರಿದರೆ ಕೀಲು ಸವೆಯುತ್ತದೆ ಅಂತ ಬೈಸಿಕೊಂಡ ಮಕ್ಕಳಿಗೆ ಒಂದು ಸಮಾಧಾನ. ಅಮೆರಿಕದ ಡಾಕ್ಟರ್ ಡೊನಾಲ್ಡ್ ಅಂಗರ್ ಚಿಕ್ಕಂದಿನಲ್ಲಿ ಇದೇ ಬೈಗುಳ ಕೇಳಿ, ಎಡಗೈ ಬೆರಳುಗಳನ್ನು ಮಾತ್ರ ಅರವತ್ತಕ್ಕೂ ಹೆಚ್ಚು ವರ್ಷ ದಿನಾ ಮುರಿದರು, ಬಲಗೈಯನ್ನು ಬಿಟ್ಟರು. ಕೊನೆಗೆ ಎರಡೂ ಕೈ ಒಂದೇ ಸಮ ಇದ್ದವು. 2009ರಲ್ಲಿ ಅವರಿಗೆ ‘ಇಗ್ ನೊಬೆಲ್’ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ಒಬ್ಬರ ಕೈ ನೋಡಿ ಎಲ್ಲರದ್ದೂ ಹಾಗೆ ಅನ್ನಲಾಗದು, ಆದರೂ ಅವರ ಹಟಕ್ಕೆ ನಮಸ್ಕಾರ.

ಹಾಗಾದರೆ ಇದರಿಂದ ಏನೂ ಉಪಯೋಗವಿಲ್ಲವೇ? ಉಂಟು. ಸೊಂಟನೋವಿಗೆ ತಿಳಿದವರು ಕೈಯಿಂದ ಬೆನ್ನುಮೂಳೆಯ ಕೀಲನ್ನು ಆಡಿಸುವ ಚಿಕಿತ್ಸೆಯಿಂದ ಕೆಲವರಿಗೆ ಸ್ವಲ್ಪ ಆರಾಮ ಸಿಗುತ್ತದೆ, ವ್ಯಾಯಾಮದಂಥ ಬೇರೆ ಉಪಾಯಗಳಿಂದ ಸಿಗುವಷ್ಟೇ. ಬಹಳ ದಿನದಿಂದ ಇರುವ ಸೊಂಟನೋವಿಗೆ ಏನೇನು ಮಾಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಸಲಹೆಗಳಲ್ಲಿ ವ್ಯಾಯಾಮ, ಮಸಾಜುಗಳ ಜೊತೆ ಇದೂ ಇದೆ. ಮಣಿ ಜರುಗಿ ರೋಗ ಬರುತ್ತದೆ ಅನ್ನುವ ಹಳೆಯ ಮಾತನ್ನು ಈಗ ಅನೇಕ ಕೈರೋಪ್ರಾಕ್ಟರ್‌ಗಳೇ ಒಪ್ಪುವುದಿಲ್ಲ.

ಆದರೆ ಆಸ್ತಮಾ, ಬಿಪಿ, ಸಕ್ಕರೆ ಕಾಯಿಲೆ, ಮಕ್ಕಳ ಕಿವಿಸೋರು, ಹಾಸಿಗೆ ಒದ್ದೆ ಮಾಡುವುದು, ಎಲ್ಲಕ್ಕೂ ಬೆನ್ನು ಒತ್ತುತ್ತೇವೆ ಅಂದರೆ ನಂಬಬೇಡಿ. ಲಂಡನ್ನಿನ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಪತ್ರಿಕೆಯೊಂದರಲ್ಲಿ ಇದನ್ನೇ ಬರೆದರು. ಮಕ್ಕಳ ಕಾಯಿಲೆಗಳಿಗೆ ಇದು ಗುಣ ಕೊಡುತ್ತದೆ ಅನ್ನಲು ಆಧಾರವಿಲ್ಲ ಅಂದರು. ಬ್ರಿಟನ್ನಿನ ಕೈರೋಪ್ರಾಕ್ಟರ್‌ಗಳ ಸಂಘ ಮಾನನಷ್ಟ ಮೊಕದ್ದಮೆ ಹೂಡಿತು. ಸಿಂಗ್ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. 2010ರಲ್ಲಿ ಸಂಘವೇ ಮೊಕದ್ದಮೆ ಹಿಂತೆಗೆಯಿತು.

ಇನ್ನು ಅಜ್ಜಿ–ತಾತಂದಿರಿಗೆ ಎರಡು ಮಾತು, ಮಕ್ಕಳೂ ಕೇಳಿಸಿಕೊಳ್ಳಿ. ಕುತ್ತಿಗೆಯ ಮಣಿಗಳಲ್ಲಿ ಎರಡೂ ಕಡೆ ಪುಟ್ಟ ತೂತುಗಳಿವೆ. ಅವುಗಳ ಮೂಲಕ ಎರಡು ರಕ್ತನಾಳಗಳು ಮಿದುಳಿನ ಹಿಂಭಾಗಕ್ಕೆ ಏರುತ್ತವೆ. ಕತ್ತನ್ನು ತಟಕ್ಕನೆ ತಿರುಚಿದಾಗ ಆ ನಾಳದ ಒಳಗೋಡೆ ಹರಿದು ಲಕ್ವ ಹೊಡೆದದ್ದುಂಟು. ಅಪರೂಪ, ನಿಜ. ಆದರೆ ಆಯಿತೆಂದರೆ ಸಣ್ಣ ವಿಷಯವಲ್ಲ. ಮೂಳೆ ಟೊಳ್ಳಾದವರು, ಬಿದ್ದು ಪೆಟ್ಟು ಮಾಡಿಕೊಂಡವರು, ಕ್ಯಾನ್ಸರ್ ಇದ್ದವರು, ಬೆನ್ನುನೋವಿನ ಜೊತೆ ಜ್ವರ ಬಂದವರು ಬೆನ್ನು ಲಟಕಿಸಿಕೊಳ್ಳುವ ಗೋಜಿಗೇ ಹೋಗದೆ ಮೊದಲು ಡಾಕ್ಟರಿಗೆ ತೋರಿಸಬೇಕು. ಸೊಂಟನೋವಿನ ಜೊತೆ ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಆ ಹೊತ್ತೇ ಆಸ್ಪತ್ರೆಗೆ, ಬೆಳಗಾಗಲಿ ಅಂತ ಕಾಯಬಾರದು. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ಬೋರ್ಡು ಹಾಕಿಕೊಂಡವರು ಎಲ್ಲಿ, ಎಷ್ಟು ವರ್ಷ ಓದಿದ್ದಾರೆ ಅಂತ ಕೇಳಲು ಸಂಕೋಚ ಬೇಡ. ಫಿಸಿಯೋಥೆರಪಿಸ್ಟುಗಳು ನಾಲ್ಕು ವರ್ಷಕ್ಕೂ ಮೇಲೆ ಓದಿ ಬಂದವರು, 2021ರ ಕಾನೂನಿನಡಿ ಬರುವವರು.

ನಾನು ಹೋದದ್ದೂ ಅವರ ಹತ್ತಿರವೇ. ಮಂಗಳವಾರ ಆಟೋದಲ್ಲಿ ಮೆಲ್ಲಗೆ ಕೂತು ಆಸ್ಪತ್ರೆಗೆ ಹೋದೆ. ಡಾಕ್ಟರು ಕಾಲು ಎತ್ತಿಸಿ, ಸುತ್ತಿಗೆಯಲ್ಲಿ ಮೊಣಕಾಲು ತಟ್ಟಿ ನೋಡಿ, ಹೆದರುವಂಥದ್ದೇನಿಲ್ಲ ಅಂದರು. ಫಿಸಿಯೋಥೆರಪಿ ಹುಡುಗಿ ನನ್ನ ಹಳೆಯ ವಿದ್ಯಾರ್ಥಿನಿಯಂತೆ, ನನಗೆ ಗುರುತು ಸಿಗಲಿಲ್ಲ. “ಮಲಗೋದು ನಿಲ್ಸಿ ಸಾರ್, ಓಡಾಡಿ” ಅಂತ ಗದರಿದಳು. ಬಿಸಿನೀರಿನ ಚೀಲ, ಮೂರು ವ್ಯಾಯಾಮ, ದಿನಕ್ಕೆ ಎರಡು ಸಲ ನಡಿಗೆ. ನಾನು ಅವಳಿಗೆ ಎಷ್ಟು ಹೋಮ್‌ವರ್ಕ್ ಕೊಟ್ಟಿದ್ದೆನೋ, ಎಲ್ಲಾ ತೀರಿಸಿಕೊಂಡಳು. ಬುಧವಾರದಿಂದ ಕೂತು ಬರೆಯುತ್ತಿದ್ದೇನೆ.

ಪುಟ್ಟಿಗೆ ಲಟಕ್ ಅನ್ನಿಸುವ ಬದಲು ಬೇರೆ ಕೆಲಸ ಕೊಟ್ಟಿದ್ದೇನೆ. ನೀವೂ ಮಾಡಿ. ಬೆಳಿಗ್ಗೆ ಎದ್ದ ತಕ್ಷಣ ಗೋಡೆಗೆ ಹಿಮ್ಮಡಿ ತಾಗಿಸಿ ನಿಂತು, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿ. ರಾತ್ರಿ ಮಲಗುವ ಮೊದಲು ಮತ್ತೊಂದು. ರಾತ್ರಿಯ ಗೆರೆ ಒಂದು ಸೆಂಟಿಮೀಟರಿನಷ್ಟು ಕೆಳಗೆ ಇರುತ್ತದೆ. ಹಗಲೆಲ್ಲ ನಿಂತು ಕೂತು ಡಿಸ್ಕ್‌ಗಳಿಂದ ನೀರು ಹಿಂಡಿಹೋಗಿ ನಾವು ಕುಳ್ಳಾಗುತ್ತೇವೆ, ಮಲಗಿದಾಗ ಡಿಸ್ಕ್‌ಗಳು ಮತ್ತೆ ನೀರು ಕುಡಿಯುತ್ತವೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದ್ದರಿಂದ ಗಗನಯಾತ್ರಿಗಳು ಕೆಲವು ಸೆಂಟಿಮೀಟರ್ ಉದ್ದವಾಗಿಬಿಡುತ್ತಾರೆ. ನಮ್ಮ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಈಗ ಆರು ಗೆರೆಗಳಿವೆ. ಸುಣ್ಣ ಹೊಡೆಸಿ ಇನ್ನೂ ವರ್ಷವಾಗಿಲ್ಲ ಅಂತ ನಮ್ಮ ಮನೆಯವರ ಗೊಣಗಾಟ ನಡೆದಿದೆ.

ನಿನ್ನೆ ಕ್ಷೌರಕ್ಕೆ ಹೋಗಿದ್ದೆ. ಮೂವತ್ತು ವರ್ಷಗಳಿಂದ ಅದೇ ಅಂಗಡಿ, ಮೊದಲು ಅಪ್ಪ, ಈಗ ಮಗ. ಕೂದಲು ಕತ್ತರಿಸಿ ಮುಗಿದ ಮೇಲೆ ಗದ್ದ ಹಿಡಿದು ಕತ್ತನ್ನು ಆ ಕಡೆ ಒಂದು, ಈ ಕಡೆ ಒಂದು ಲಟಕ್ ಅನ್ನಿಸುವುದು ರೂಢಿ. ಹಿತವಾಗಿಯೇ ಇರುತ್ತಿತ್ತು, ಸುಳ್ಳು ಹೇಳಲಾರೆ. ನಿನ್ನೆ ಅವನು ಗದ್ದಕ್ಕೆ ಕೈ ಹಾಕಿದಾಗ ಹಿಡಿದುಕೊಂಡೆ.

“ಕತ್ತು ಬೇಡಪ್ಪ. ನನಗಷ್ಟೇ ಅಲ್ಲ, ಯಾರಿಗೂ ಮಾಡಬೇಡ.”

“ಯಾಕೆ ಮೇಷ್ಟ್ರೇ, ಅಪ್ಪನ ಕಾಲದಿಂದ ಮಾಡ್ತಿದೀವಲ್ಲ?”

ಎದುರು ಮನೆಯ ಅಜ್ಜಿಯ ಕಥೆ ಅವನಿಗೂ ಹೇಳಿದೆ. ಕತ್ತರಿ ಹಿಡಿದುಕೊಂಡೇ ಕೇಳಿದ. ಕಾಯುತ್ತಾ ಕೂತಿದ್ದ ಇಬ್ಬರು ಪೇಪರ್ ಮಡಚಿಟ್ಟು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅವನು, “ಹಾಗಾದ್ರೆ ತಲೆಗೆ ಎಣ್ಣೆ ಹಾಕಿ ಮಸಾಜ್ ಮಾಡ್ಲಾ? ಅದಕ್ಕೇನೂ ತೊಂದ್ರೆ ಇಲ್ವಲ್ಲ?” ಅಂದ.

“ಮಾಡಪ್ಪ” ಅಂದು ಕಣ್ಣು ಮುಚ್ಚಿಕೊಂಡೆ.